ಎಮ್ಮಾವಿಗೆ ಹೋಗಿ ಬಂದಷ್ಟು ದೂರ



ಯೇಸುಸ್ವಾಮಿ ಪುನರುತ್ಥಾನರಾದ ಭಾನುವಾರ ಇಬ್ಬರು ಶಿಷ್ಯರು ಜೆರುಸಲೇಮನ್ನು ಬಿಟ್ಟು ಎಮ್ಮಾವು ಎಂಬ ಹಳ್ಳಿಗೆ ಹೊರಟಿದ್ದರು. ಆ ದೂರ ಅರವತ್ತು ಸ್ತಾದಿಯ ಎಂದು ಸಂತ ಲೂಕರು ಬರೆದಿದ್ದಾರೆ (ಲೂಕ 24:13). ನಮ್ಮ ಲೆಕ್ಕದಲ್ಲಿ ಅದು ಸುಮಾರು 11 ಕಿಲೋಮೀಟರ್. ಸಂಜೆ ಊಟದ ಮೇಜಿನ ಬಳಿ ಪ್ರಭು ರೊಟ್ಟಿಯನ್ನು ಮುರಿದಾಗ ಅವರ ಕಣ್ಣು ತೆರೆಯಿತು. ಆ ಕ್ಷಣವೇ ಎದ್ದು, ಕತ್ತಲೆಯನ್ನೂ ಲೆಕ್ಕಿಸದೆ, ಬಂದ ದಾರಿಯಲ್ಲೇ ಜೆರುಸಲೇಮಿಗೆ ಹಿಂದಿರುಗಿದರು (24:33). ಹೋಗುವಾಗ 11, ಬರುವಾಗ 11. ಒಂದೇ ದಿನದಲ್ಲಿ ಅವರು 22 ಕಿಲೋಮೀಟರ್ ನಡೆದರು.

ಇಂದು ದೊಡ್ಡ ನಗರಗಳಲ್ಲಿ ಏರ್ಪಡಿಸುವ ‘ಅರ್ಧ ಮ್ಯಾರಥಾನ್’ನ ದೂರವೂ ಹೆಚ್ಚುಕಡಿಮೆ ಇಷ್ಟೇ. 1908ರ ಲಂಡನ್ ಒಲಿಂಪಿಕ್ ಕ್ರೀಡೆಗಳಲ್ಲಿ ಮ್ಯಾರಥಾನ್ ಓಟದ ದೂರ 42.195 ಕಿಲೋಮೀಟರ್ ಆಗಿತ್ತು. 1921ರಲ್ಲಿ ಅದನ್ನೇ ಅಧಿಕೃತ ಅಳತೆಯೆಂದು ನಿಗದಿಪಡಿಸಿದರು. ಅದರ ಅರ್ಧ 21.0975, ಅಂದರೆ 21 ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಇಷ್ಟು ದೂರವನ್ನು ಓಡಲೇಬೇಕೆಂದಿಲ್ಲ. ನಡೆದೇ ಮುಗಿಸುವವರು ಬಹಳ ಮಂದಿ ಇದ್ದಾರೆ. ನಮ್ಮ ಯುವಜನರು ಇಂಥ ನಡಿಗೆಗೆ ಹೆಸರು ಕೊಡುತ್ತಾರೆ. ನಮ್ಮ ಹಿರಿಯರು ಪುಣ್ಯಕ್ಷೇತ್ರಕ್ಕೆ ಕಾಲ್ನಡಿಗೆಯಲ್ಲಿ ಬರುತ್ತೇವೆಂದು ಹರಕೆ ಹೊರುತ್ತಾರೆ. ಇಬ್ಬರೂ ಒಂದೇ ಪ್ರಶ್ನೆ ಕೇಳುತ್ತಾರೆ: “ಫಾದರ್, ನನ್ನಿಂದ ಆದೀತೇ?”

ಆಗುತ್ತದೆ ಎಂಬುದು ನನ್ನ ಉತ್ತರ. ಆದರೆ ಹೇಗೆ ಆಗುತ್ತದೆ ಎಂಬುದನ್ನು ನಾನು ಕಲಿತದ್ದು ಸೋಲಿನಿಂದ. ಆ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ.

ಮೋರಿಕಟ್ಟೆಯ ಮೇಲೆ

ಕೆಲವು ವರ್ಷಗಳ ಹಿಂದೆ ತಪಸ್ಸುಕಾಲದಲ್ಲಿ ನಮ್ಮ ಧರ್ಮಕೇಂದ್ರದಿಂದ 21 ಕಿಲೋಮೀಟರ್ ದೂರದ ಒಂದು ದೇವಾಲಯಕ್ಕೆ ಪಾದಯಾತ್ರೆ ಹೊರಟೆವು. ಹಿಂದಿನ ಭಾನುವಾರದ ಪ್ರಬೋಧನೆಯಲ್ಲಿ ನಾನು ಮನೋಬಲದ ಬಗ್ಗೆ ಬಹಳ ಉತ್ಸಾಹದಿಂದ ಮಾತನಾಡಿದ್ದೆ. ಮನಸ್ಸು ಗಟ್ಟಿಯಾಗಿದ್ದರೆ ದೇಹ ಹಿಂಬಾಲಿಸುತ್ತದೆ ಎಂದಿದ್ದೆ. ಯಾತ್ರೆಯ ದಿನ ಹೊಸ ಶೂ ಹಾಕಿಕೊಂಡು ಎಲ್ಲರಿಗಿಂತ ಮುಂದೆ ನಡೆದೆ. ಅದಕ್ಕೂ ಮೊದಲು ಗುರುನಿವಾಸದಿಂದ ದೇವಾಲಯಕ್ಕೆ, ದೇವಾಲಯದಿಂದ ಬೈಕಿಗೆ, ಇಷ್ಟೇ ನನ್ನ ನಡಿಗೆಯಾಗಿತ್ತು.

ಹದಿನಾಲ್ಕನೆಯ ಕಿಲೋಮೀಟರಿನಲ್ಲಿ ರಸ್ತೆ ಬದಿಯ ಮೋರಿಕಟ್ಟೆಯ ಮೇಲೆ ಕುಳಿತುಬಿಟ್ಟೆ. ಎರಡೂ ಹಿಮ್ಮಡಿಗಳಲ್ಲಿ ಬೊಬ್ಬೆ ಎದ್ದು ಒಡೆದಿದ್ದವು. ಮೊಣಕಾಲು ಬಗ್ಗುತ್ತಿರಲಿಲ್ಲ. ಜನರು ನನ್ನನ್ನು ದಾಟಿ ಹೋಗುತ್ತಿದ್ದರು. ಕೊನೆಗೆ ನೀರು ಹೊತ್ತು ತರುತ್ತಿದ್ದ ಟೆಂಪೋದಲ್ಲಿ ಕುಳಿತು ಕ್ಷೇತ್ರ ತಲುಪಿದೆ. ಅಲ್ಲಿ ನನ್ನ ಕಾಲಿಗೆ ಬಟ್ಟೆ ಕಟ್ಟಿದವರು ಮನೆಗೆಲಸ ಮಾಡಿ ಬದುಕುವ ಅರವತ್ತು ದಾಟಿದ ಒಬ್ಬ ತಾಯಿ. ಅವರು ಪೂರ್ತಿ ದೂರವನ್ನು ಹವಾಯಿ ಚಪ್ಪಲಿಯಲ್ಲೇ ನಡೆದು ಬಂದಿದ್ದರು.

“ಅಮ್ಮ, ನಿಮಗೆ ಕಾಲು ನೋಯಲಿಲ್ಲವೇ?” ಎಂದೆ.

“ಸ್ವಾಮಿ, ನೀವು ಈವತ್ತು ನಡೆದಿರಿ. ನಾನು ಮೂವತ್ತು ವರ್ಷದಿಂದ ಕೆಲಸದ ಮನೆಗೆ ನಡ್ಕೊಂಡೇ ಹೋಗಿ ಬರ್ತಾ ಇದ್ದೀನಿ” ಎಂದರು.

ಅವರು ನನ್ನನ್ನು ಹಂಗಿಸಲು ಹೇಳಿದ ಮಾತಲ್ಲ. ಆದರೆ ಆ ಮಾತು ನನ್ನಲ್ಲಿ ಉಳಿಯಿತು. ಮುಂದಿನ ವಾರ ವೈದ್ಯರು ರಕ್ತಪರೀಕ್ಷೆ ಮಾಡಿಸಿ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದೀರಿ, ದಿನಾ ನಡೆಯಿರಿ ಎಂದರು.

ಅದೇ ದಿನಗಳಲ್ಲಿ ಒಂದು ದಂಪತಿ ನನ್ನ ಕಚೇರಿಗೆ ಬಂದರು. ಅವರಿಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗಂಡನಿಗೆ ಕುಡಿತ. ಪೀಠದ ಮುಂದೆ ನಿಂತು ಇನ್ನು ಮುಟ್ಟುವುದಿಲ್ಲವೆಂದು ನಾಲ್ಕು ಸಲ ಪ್ರಮಾಣ ಮಾಡಿದ್ದರು. ಎರಡು ಸಲ ಪ್ರಮಾಣ ಮಾಡಿಸಿದವನು ನಾನೇ. ಐದನೆಯ ಪ್ರಮಾಣಕ್ಕೆ ನಾನು ಬೈಬಲನ್ನು ಕೈಗೆತ್ತಿಕೊಂಡಾಗ ಹೆಂಡತಿ ತಡೆದರು. “ಬೇಡ ಫಾದರ್. ಇನ್ನೊಂದು ಸಲ ಮಾಡಿಸಬೇಡಿ. ಪ್ರಮಾಣ ಅಂದರೆ ನಮ್ಮ ಮಕ್ಕಳಿಗೇ ನಗು ಬರುತ್ತೆ” ಎಂದರು.

ನನಗೆ ಮೋರಿಕಟ್ಟೆ ನೆನಪಾಯಿತು. ಅಭ್ಯಾಸವಿಲ್ಲದ ಕಾಲಿಗೆ 21 ಕಿಲೋಮೀಟರನ್ನು ನಾನು ಆಜ್ಞೆ ಮಾಡಿದ್ದೆ. ಈ ಮನುಷ್ಯನಿಗೆ ಜೀವಮಾನವಿಡೀ ನಡೆಯುವ ದೂರವನ್ನು ಒಂದೇ ಮಾತಿನಲ್ಲಿ ಹೊರಿಸಿದ್ದೆ. ಬೈಬಲನ್ನು ಮುಚ್ಚಿಟ್ಟು ಹೇಳಿದೆ: “ಇವತ್ತು ಸಂಜೆ ಆರೂವರೆಗೆ ದೇವಾಲಯದ ಬಾಗಿಲಿಗೆ ಬನ್ನಿ. ಇಪ್ಪತ್ತು ನಿಮಿಷ ಮೂವರೂ ನಡೆಯೋಣ. ನಾಳೆಯದು ನಾಳೆ.” ಆರೂವರೆ ಎಂದರೆ ಅವರು ದಿನಾ ಅಂಗಡಿಗೆ ಹೋಗುವ ಹೊತ್ತು.

ಜೊತೆಗೆ ಅವರನ್ನು ವೈದ್ಯರ ಬಳಿಗೂ ಕಳುಹಿಸಿದೆ. ಬಹುಕಾಲ ಹೆಚ್ಚಾಗಿ ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ನಡುಕ, ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಇದನ್ನು ಮನೆಯವರು ತಿಳಿದಿರಬೇಕು. ನಡಿಗೆಯು ಔಷಧಿಯ ಸ್ಥಾನವನ್ನು ತುಂಬುವುದಿಲ್ಲ.

ಅಭ್ಯಾಸವೆಂಬ ಹಳೆಯ ಪಾಠ

ಸಂತ ಪೌಲರು ಕೊರಿಂಥದ ಕ್ರೈಸ್ತರಿಗೆ ಓಟದ ಪಂದ್ಯದ ಉದಾಹರಣೆ ಕೊಡುತ್ತಾರೆ (1 ಕೊರಿಂಥ 9:24-27). ಕೊರಿಂಥದ ಸಮೀಪದಲ್ಲೇ ಎರಡು ವರ್ಷಕ್ಕೊಮ್ಮೆ ಇಸ್ತ್‌ಮಿಯ ಕ್ರೀಡಾಕೂಟ ನಡೆಯುತ್ತಿತ್ತು. ಗೆದ್ದವರಿಗೆ ಸಿಗುತ್ತಿದ್ದುದು ಬಾಡಿಹೋಗುವ ಎಲೆಗಳ ಕಿರೀಟ. ಅಷ್ಟಕ್ಕೇ ಅವರು ಎಷ್ಟೊಂದು ಶಿಸ್ತಿನಿಂದ ತಯಾರಾಗುತ್ತಾರೆ ನೋಡಿ ಎನ್ನುತ್ತಾರೆ ಪೌಲರು. ಪಂದ್ಯದ ದಿನದ ಉತ್ಸಾಹವನ್ನಷ್ಟೇ ಅವರು ಹೊಗಳಲಿಲ್ಲ. ಅದರ ಹಿಂದಿನ ತಿಂಗಳುಗಳ ಸಂಯಮವನ್ನು ತೋರಿಸಿದರು.

ಕ್ರೀಡಾಪಟುವಿನ ತರಬೇತಿಗೆ ಗ್ರೀಕ್ ಭಾಷೆಯಲ್ಲಿ ‘ಆಸ್ಕೆಸಿಸ್’ ಎಂಬ ಪದವಿತ್ತು. ಮುಂದೆ ಮರುಭೂಮಿಯ ಸನ್ಯಾಸಿಗಳ ತಪಸ್ಸಿಗೂ ಅದೇ ಪದ ಬಳಕೆಗೆ ಬಂತು. ತಪಸ್ಸು ಎಂದರೆ ದೇಹವನ್ನು ದಂಡಿಸುವುದಷ್ಟೇ ಎಂದು ನಾವು ತಿಳಿದಿದ್ದೇವೆ. ಮೂಲದಲ್ಲಿ ಆ ಪದಕ್ಕೆ ಅಭ್ಯಾಸ ಎಂದರ್ಥ.

ಗುರುಮಠದಲ್ಲಿ ನಾವು ಓದಿದ ಸಂತ ತೋಮಸ್ ಅಕ್ವಿನಾಸರೂ ಇದನ್ನೇ ಬೇರೆ ರೀತಿಯಲ್ಲಿ ಬೋಧಿಸುತ್ತಾರೆ. ಒಂದೇ ಬಗೆಯ ಒಳ್ಳೆಯ ಕೆಲಸವನ್ನು ಮತ್ತೆ ಮತ್ತೆ ಮಾಡಿದಾಗ ಒಳಗೆ ಒಂದು ಸ್ಥಿರವಾದ ಒಲವು ಬೆಳೆಯುತ್ತದೆ. ಮೊದಲು ಕಷ್ಟವೆನಿಸಿದ್ದು ಆಮೇಲೆ ಸಲೀಸಾಗುತ್ತದೆ, ಹಿತವೂ ಆಗುತ್ತದೆ. ಸದ್ಗುಣ ಎಂಬುದು ಹೀಗೆ ನೆಲೆನಿಂತ ಒಲವು. ದೇವರ ವರಪ್ರಸಾದವಾದರೂ ನಮ್ಮ ಪ್ರಕೃತಿಯನ್ನು ಪಕ್ಕಕ್ಕೆ ತಳ್ಳುವುದಿಲ್ಲ. ಅದರೊಳಗೇ ಇಳಿದು ಅದನ್ನು ಪೂರ್ಣಗೊಳಿಸುತ್ತದೆ. ಆದ್ದರಿಂದ ದೇವರ ಮೇಲೆ ಭಾರ ಹಾಕಿ, ತಯಾರಿಯಿಲ್ಲದೆ ಹರಕೆಗೆ ಹೊರಡುವುದನ್ನು ವಿಶ್ವಾಸ ಎನ್ನಲಾಗದು. ಅದು ಅವಸರ.

ಹದಿನಾರು ವಾರಗಳ ಕ್ರಮ

ಅರ್ಧ ಗಂಟೆ ನಿಲ್ಲದೆ ನಡೆಯಬಲ್ಲ ಯಾರಿಗಾದರೂ 21 ಕಿಲೋಮೀಟರಿಗೆ ಸಿದ್ಧರಾಗಲು ಹದಿನಾರು ವಾರಗಳು ಸಾಕು. ಅರ್ಧ ಗಂಟೆಯೂ ಆಗದವರು ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷದಿಂದ ಶುರು ಮಾಡಿ, ಅರ್ಧ ಗಂಟೆಗೆ ಬಂದ ಮೇಲೆ ಈ ಕ್ರಮವನ್ನು ಹಿಡಿಯಲಿ. ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೀಲುನೋವು ಇರುವವರೂ ಬಹುಕಾಲ ಕುಳಿತೇ ಕೆಲಸ ಮಾಡಿದವರೂ ಮೊದಲು ವೈದ್ಯರನ್ನು ಕಾಣಬೇಕು.

ವಾರದಲ್ಲಿ ನಾಲ್ಕು ದಿನ ನಡಿಗೆ. ಸೋಮವಾರ, ಬುಧವಾರ, ಗುರುವಾರ ಸಣ್ಣ ನಡಿಗೆ. ಶನಿವಾರ ಉದ್ದ ನಡಿಗೆ. ಮಂಗಳವಾರ, ಶುಕ್ರವಾರ ಬಿಡುವು. ಭಾನುವಾರ ಬಲಿಪೂಜೆ ಮತ್ತು ವಿಶ್ರಾಂತಿ.

ಸಣ್ಣ ನಡಿಗೆ ಮೊದಲ ನಾಲ್ಕು ವಾರ 30 ನಿಮಿಷ, ಮುಂದಿನ ನಾಲ್ಕು ವಾರ 40 ನಿಮಿಷ, ಆಮೇಲೆ ಹದಿನಾಲ್ಕನೆಯ ವಾರದವರೆಗೆ 50 ನಿಮಿಷ. ಕೊನೆಯ ಎರಡು ವಾರ ಮತ್ತೆ 30 ನಿಮಿಷ.

ಶನಿವಾರದ ಉದ್ದ ನಡಿಗೆ ಹೀಗಿರಲಿ:

ಮೊದಲ ನಾಲ್ಕು ವಾರ: 3, 4, 5, 4 ಕಿಲೋಮೀಟರ್.
ಎರಡನೆಯ ನಾಲ್ಕು ವಾರ: 6, 7, 8, 6 ಕಿಲೋಮೀಟರ್.
ಮೂರನೆಯ ನಾಲ್ಕು ವಾರ: 10, 11, 13, 10 ಕಿಲೋಮೀಟರ್.
ಕೊನೆಯ ನಾಲ್ಕು ವಾರ: 15, 17, 10, ಆಮೇಲೆ 21.

ಎರಡು ವಿಷಯಗಳನ್ನು ಗಮನಿಸಿ. ಮೂರು ವಾರ ಏರಿದ ಮೇಲೆ ನಾಲ್ಕನೆಯ ವಾರ ದೂರ ಇಳಿಯುತ್ತದೆ. ನಡೆಯುವಾಗ ದಣಿದ ಸ್ನಾಯು ಗಟ್ಟಿಯಾಗುವುದು ಬಿಡುವಿನಲ್ಲೇ. ಇನ್ನೊಂದು, 21 ಕಿಲೋಮೀಟರನ್ನು ಮೊದಲೇ ಒಮ್ಮೆ ನಡೆದು ಪರೀಕ್ಷಿಸಿ ನೋಡುವ ಅಗತ್ಯವಿಲ್ಲ. 17 ನಡೆದ ಕಾಲು 21ನ್ನು ನಡೆಯುತ್ತದೆ. ಕೊನೆಯ ವಾರಗಳಲ್ಲಿ ಭಯದಿಂದ ದೂರವನ್ನು ಹೆಚ್ಚಿಸಿದವರು ದಣಿದ ಕಾಲಿನಲ್ಲೇ ಹೊರಡಬೇಕಾಗುತ್ತದೆ.

ಜ್ವರ, ಮದುವೆ, ಮಕ್ಕಳ ಪರೀಕ್ಷೆ ಎಂದು ಒಂದು ವಾರ ತಪ್ಪಿದರೆ? ತಪ್ಪಿದ್ದನ್ನು ಮುಂದಿನ ವಾರಕ್ಕೆ ಸೇರಿಸಿ ಎರಡು ಪಟ್ಟು ನಡೆಯಬೇಡಿ. ಒಂದು ವಾರ ಹಿಂದಕ್ಕೆ ಹೋಗಿ, ಅಲ್ಲಿಂದ ಮುಂದುವರಿಸಿ. ಎರಡು ಮೂರು ವಾರ ತಪ್ಪಿದರೆ ಅಷ್ಟೇ ವಾರ ಹಿಂದಕ್ಕೆ ಹೋಗಿ. ಈ ನಿಯಮವನ್ನು ನೆನಪಿಡಿ. ಇದರ ಬಗ್ಗೆ ಮುಂದೆ ಮತ್ತೆ ಹೇಳುತ್ತೇನೆ.

ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಇಂಥ ಸಾಧಾರಣ ಶ್ರಮದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಕ್ರಮದಲ್ಲಿ ಮೂರನೆಯ ವಾರಕ್ಕೇ ನೀವು ಅಲ್ಲಿಗೆ ಬಂದಿರುತ್ತೀರಿ. 21ನ್ನು ಎಂದೂ ನಡೆಯದಿದ್ದರೂ ಆ ಲಾಭ ನಿಮ್ಮದೇ.

ವೇಗಕ್ಕೆ ಜಪಮಾಲೆ

ಎಷ್ಟು ವೇಗವಾಗಿ ನಡೆಯಬೇಕು? ಉಸಿರು ಸ್ವಲ್ಪ ಜೋರಾಗಬೇಕು, ಆದರೆ ಮಾತು ಕಡಿಯಬಾರದು. ನಮೋ ಮರಿಯಾ ಪ್ರಾರ್ಥನೆಯನ್ನು ಗಟ್ಟಿಯಾಗಿ ಹೇಳಿ ನೋಡಿ. ಪದ ಪದಕ್ಕೂ ಏದುಸಿರು ಬಂದರೆ ನಿಧಾನಿಸಿ. ಹಾಡು ಹೇಳುವಷ್ಟು ಆರಾಮವಾಗಿದ್ದರೆ ಸ್ವಲ್ಪ ಬಿರುಸಾಗಿ. ಹೊಸಬರಿಗೆ ಕಿಲೋಮೀಟರಿಗೆ 12 ನಿಮಿಷ, ಅಂದರೆ ಗಂಟೆಗೆ 5 ಕಿಲೋಮೀಟರ್, ಒಳ್ಳೆಯ ವೇಗ. ಆ ಲೆಕ್ಕದಲ್ಲಿ ಅರ್ಧ ಮ್ಯಾರಥಾನಿಗೆ 4 ಗಂಟೆ 13 ನಿಮಿಷ ಬೇಕು. ಕಿಲೋಮೀಟರಿಗೆ 10 ನಿಮಿಷವಾದರೆ ಸುಮಾರು ಮೂರೂವರೆ ಗಂಟೆ.

ಐದು ರಹಸ್ಯಗಳ ಒಂದು ಜಪಮಾಲೆಗೆ ಸುಮಾರು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ಒಂದೂವರೆ ಕಿಲೋಮೀಟರಿಗೆ ಮಿಗಿಲಾಗಿ ನಡೆದಿರುತ್ತೀರಿ. 2002ರಲ್ಲಿ ಎರಡನೆಯ ಜಾನ್ ಪೌಲ್ ಜಗದ್ಗುರುಗಳು ಬೆಳಕಿನ ರಹಸ್ಯಗಳನ್ನು ಸೇರಿಸಿದ ಮೇಲೆ ಒಟ್ಟು ಇಪ್ಪತ್ತು ರಹಸ್ಯಗಳಾಗಿವೆ. ಇಪ್ಪತ್ತನ್ನೂ ಮೂರು ಸಲ ಧ್ಯಾನಿಸುವಷ್ಟರಲ್ಲಿ ನಾಲ್ಕು ಗಂಟೆ ಕಳೆದಿರುತ್ತದೆ, 20 ಕಿಲೋಮೀಟರ್ ಮುಗಿದಿರುತ್ತದೆ.

ಮೊದಲ ಐದು ನಿಮಿಷ ನಿಧಾನವಾಗಿ ನಡೆದು ದೇಹವನ್ನು ಬೆಚ್ಚಗಾಗಿಸಿ. ಕೊನೆಯ ಐದು ನಿಮಿಷವೂ ಹಾಗೆಯೇ. ಬೇಗ ಹೋಗಬೇಕೆಂದು ಹೆಜ್ಜೆಯನ್ನು ಉದ್ದ ಮಾಡಬೇಡಿ; ಮೊಣಕಾಲಿನ ಕೆಳಗೆ ಮುಂಭಾಗದಲ್ಲಿ ನೋವು ಬರುವುದು ಹೆಚ್ಚಾಗಿ ಇದರಿಂದಲೇ. ಹೆಜ್ಜೆ ಚಿಕ್ಕದಿರಲಿ, ಚುರುಕಾಗಿರಲಿ. ಮೊಣಕೈ ಮಡಿಸಿ ಕೈಬೀಸಿ, ದೃಷ್ಟಿಯನ್ನು ಮುಂದಿಟ್ಟು ನಡೆಯಿರಿ. ಪಾದಚಾರಿ ದಾರಿ ಇಲ್ಲದ ರಸ್ತೆಯಲ್ಲಿ ಎದುರಿನಿಂದ ಬರುವ ವಾಹನಗಳು ಕಾಣುವಂತೆ ಬಲಬದಿಯಲ್ಲಿ ನಡೆಯಿರಿ. ನಸುಕಿನಲ್ಲಿ ಹೊರಡುವವರು ಬಿಳಿ ಬಟ್ಟೆ ತೊಟ್ಟು ಟಾರ್ಚ್ ಹಿಡಿದಿರಲಿ.

ಪಾದಗಳ ಕಾಳಜಿ

ಇಸ್ರಯೇಲರು ನಲವತ್ತು ವರ್ಷ ಮರುಭೂಮಿಯಲ್ಲಿ ನಡೆದಾಗ ಅವರ ಕಾಲುಗಳು ಊದಿಕೊಳ್ಳಲಿಲ್ಲ ಎಂದು ಮೋಶೆ ಜ್ಞಾಪಿಸುತ್ತಾನೆ (ಧರ್ಮೋಪದೇಶಕಾಂಡ 8:4). ದೇವರ ಕಾಳಜಿಯನ್ನು ಎಣಿಸುವಾಗ ಪಾದವನ್ನೂ ಮರೆಯದ ಗ್ರಂಥ ನಮ್ಮದು. ಪ್ರಭುವೂ ಶಿಷ್ಯರ ಪಾದಗಳನ್ನೇ ತೊಳೆದರು. ನಾವು ಮಾತ್ರ ಬೊಬ್ಬೆ ಬರುವವರೆಗೆ ಪಾದವನ್ನು ನೋಡುವುದಿಲ್ಲ.

ಶೂ ಕೊಳ್ಳಲು ಸಂಜೆ ಹೋಗಿ. ಆಗ ಪಾದ ಸ್ವಲ್ಪ ಊದಿರುತ್ತದೆ. ನಿಂತಾಗ ಹೆಬ್ಬೆರಳಿನ ಮುಂದೆ ಒಂದು ಬೆರಳಿನ ಅಗಲದಷ್ಟು ಜಾಗ ಇರಬೇಕು. ಹಿಮ್ಮಡಿ ಜಾರಬಾರದು. ಬೆಲೆ ಹೆಚ್ಚಿದ್ದೇ ಒಳ್ಳೆಯದೆಂದಿಲ್ಲ. ಮುಖ್ಯ ದಿನಕ್ಕೆ ಹೊಸ ಶೂ ಎಂದೂ ಬೇಡ. ಕನಿಷ್ಠ ಮೂರು ನಾಲ್ಕು ಉದ್ದ ನಡಿಗೆಗಳಲ್ಲಿ ಪಳಗಿದ್ದನ್ನೇ ಹಾಕಿ. ಹತ್ತಿಯ ಕಾಲುಚೀಲ ಬೆವರನ್ನು ಹಿಡಿದಿಟ್ಟು ಚರ್ಮವನ್ನು ಮೆತ್ತಗಾಗಿಸುತ್ತದೆ, ಆಮೇಲೆ ಉಜ್ಜಿ ಬೊಬ್ಬೆ ಏಳುತ್ತದೆ. ಬೇಗ ಒಣಗುವ ನೈಲಾನ್ ಮಿಶ್ರಿತ ಕಾಲುಚೀಲ ಮೇಲು. ಒಂದು ಜಾಗ ಬಿಸಿಯಾಗಿ ಉರಿಯತೊಡಗಿದರೆ ಅಲ್ಲೇ ನಿಂತು ಪ್ಲಾಸ್ಟರ್ ಅಂಟಿಸಿ. ಎದ್ದ ಬೊಬ್ಬೆಯ ಚರ್ಮವನ್ನು ಕೀಳಬೇಡಿ.

ಸಕ್ಕರೆ ಕಾಯಿಲೆಯವರಿಗೆ ಪಾದದ ಸ್ಪರ್ಶಜ್ಞಾನ ಕಡಿಮೆಯಾಗಿರಬಹುದು. ಗಾಯವಾದದ್ದೇ ತಿಳಿಯದು. ಅವರು ಪ್ರತಿ ನಡಿಗೆಯ ನಂತರ ಅಂಗಾಲನ್ನು ನೋಡಿಕೊಳ್ಳಬೇಕು, ಬಗ್ಗಲಾಗದಿದ್ದರೆ ಮನೆಯವರು ನೋಡಬೇಕು. ಬರಿಗಾಲಿನ ಹರಕೆ ಅವರಿಗೆ ಬೇಡವೇ ಬೇಡ. ಹೊತ್ತ ಹರಕೆಯನ್ನು ಪೂರೈಸಲು ದೇಹಸ್ಥಿತಿ ಅಡ್ಡಿಯಾದಾಗ ನಿಮ್ಮ ಗುರುಗಳೊಡನೆ ಮಾತನಾಡಿ. ಸಕಾರಣವಿದ್ದಾಗ ಹರಕೆಯನ್ನು ಬೇರೊಂದು ಒಳ್ಳೆಯ ಕಾರ್ಯಕ್ಕೆ ಬದಲಿಸಿಕೊಡಲು ಧರ್ಮಸಭೆಯ ಕಾನೂನಿನಲ್ಲೇ ಅವಕಾಶವಿದೆ.

ಊಟ, ನೀರು, ನಿದ್ರೆ

ಪ್ರವಾದಿ ಎಲೀಯ ಬೇಸತ್ತು ಗಿಡದ ಕೆಳಗೆ ಮಲಗಿ ಸಾವನ್ನು ಬೇಡಿಕೊಂಡಾಗ ದೇವದೂತನು ಉಪದೇಶ ಮಾಡಲಿಲ್ಲ. ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಮತ್ತೆ ಮಲಗಲು ಬಿಟ್ಟ. ಎರಡನೆಯ ಸಲ ಎಬ್ಬಿಸಿ, ಮುಂದೆ ದೂರದ ಪ್ರಯಾಣವಿದೆ, ತಿನ್ನು ಎಂದ (1 ಅರಸುಗಳು 19:4-8). ಬಳಲಿದವರನ್ನು ದೇವರು ಹೇಗೆ ನಡೆಸಿಕೊಳ್ಳುತ್ತಾರೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ.

ಉದ್ದ ನಡಿಗೆಗೆ ಒಂದು ಗಂಟೆ ಮುಂಚೆ ಎರಡು ಇಡ್ಲಿ ಅಥವಾ ಒಂದು ಬಾಳೆಹಣ್ಣಿನಂಥ ಹಗುರ ಆಹಾರ ಸಾಕು. ಒಂದೂವರೆ ಗಂಟೆಗಿಂತ ಹೆಚ್ಚು ನಡೆಯುವ ದಿನ ನಡುವೆಯೂ ಬಾಳೆಹಣ್ಣು, ಕಡಲೆಮಿಠಾಯಿ ಏನಾದರೂ ಇರಲಿ. ಬಾಯಾರಿದಾಗ ಸ್ವಲ್ಪ ಸ್ವಲ್ಪ ನೀರು ಕುಡಿಯಿರಿ. ಹೆದರಿ ಲೀಟರುಗಟ್ಟಲೆ ಬರೀ ನೀರು ಕುಡಿದರೆ ರಕ್ತದಲ್ಲಿ ಉಪ್ಪಿನಂಶ ಕುಗ್ಗಿ ಅದೂ ಅಪಾಯ. ಉಪ್ಪು ಸಕ್ಕರೆ ಹಾಕಿದ ನಿಂಬೆ ಶರಬತ್ತು, ಉಪ್ಪು ಬೆರೆಸಿದ ಮಜ್ಜಿಗೆ ಒಳ್ಳೆಯದು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಜೇಬಿನಲ್ಲಿ ಗ್ಲೂಕೋಸ್ ಅಥವಾ ಸಕ್ಕರೆ ಇಟ್ಟುಕೊಂಡೇ ಹೊರಡಬೇಕು. ನಡುಕ, ತಣ್ಣನೆಯ ಬೆವರು, ಕಣ್ಣು ಮಂಜಾಗುವುದು ಕಂಡರೆ ತಕ್ಷಣ ಬಾಯಿಗೆ ಹಾಕಿಕೊಳ್ಳಬೇಕು. ಎದೆನೋವು, ಎದೆ ಬಿಗಿತ, ತಲೆ ಸುತ್ತು, ಅಸಹಜ ಉಬ್ಬಸ ಬಂದರೆ ಅಲ್ಲಿಗೇ ನಡಿಗೆ ಮುಗಿಯಿತು; ನೇರ ಆಸ್ಪತ್ರೆಗೆ. ಉಪವಾಸದ ದಿನ ಉದ್ದ ನಡಿಗೆ ಇಟ್ಟುಕೊಳ್ಳಬೇಡಿ.

ಎರಡೂ ಕಾಲಿನಲ್ಲಿ ಸಮನಾಗಿ ಇರುವ, ಒಂದೆರಡು ದಿನದಲ್ಲಿ ಇಳಿಯುವ ನೋವು ಸಹಜ. ಒಂದೇ ಜಾಗದಲ್ಲಿ ಚುಚ್ಚುವ, ನಡೆದಂತೆ ಹೆಚ್ಚಾಗುವ ನೋವು ಎಚ್ಚರಿಕೆಯ ಗಂಟೆ. ಅದನ್ನು ಶಿಲುಬೆಯೆಂದು ಹೊರಬೇಡಿ, ವಿಶ್ರಾಂತಿ ಕೊಡಿ. ದುಃಖ ಹಗುರವಾಗಲು ನಿದ್ರೆ ಮತ್ತು ಸ್ನಾನ ಸಹಾಯಕವೆಂದು ಸಂತ ತೋಮಸರೇ ತಮ್ಮ ಮಹಾಗ್ರಂಥದಲ್ಲಿ ಒಂದು ಅಧಿಕರಣವನ್ನು ಬರೆದಿದ್ದಾರೆ. ದೇಹವನ್ನು ಆ ಮಹಾಜ್ಞಾನಿ ಅಷ್ಟು ಗಂಭೀರವಾಗಿ ಕಂಡರು.

ಇನ್ನೊಂದು ತುದಿಗೂ ಹೋಗಬಾರದು. ಜೀವ ಮತ್ತು ಆರೋಗ್ಯ ದೇವರು ನಮಗೆ ಒಪ್ಪಿಸಿದ ಅಮೂಲ್ಯ ಕೊಡುಗೆಗಳು ಎನ್ನುವ ಧರ್ಮಸಭೆಯ ಧರ್ಮೋಪದೇಶ (2288), ಮುಂದಿನ ಪರಿಚ್ಛೇದದಲ್ಲೇ ದೇಹವನ್ನು ಪೂಜಾವಿಗ್ರಹ ಮಾಡಿಕೊಳ್ಳುವುದನ್ನು ಖಂಡಿಸುತ್ತದೆ (2289). ಮನೆಯಲ್ಲಿ ಹಾಸಿಗೆ ಹಿಡಿದ ತಾಯಿಯನ್ನು ಯಾರ ಕೈಗೂ ಒಪ್ಪಿಸದೆ, ಕಿಲೋಮೀಟರ್ ಎಣಿಸಲು ಹೋಗುವವನು ದಾರಿ ತಪ್ಪಿದ್ದಾನೆ.

ಜೊತೆಯಲ್ಲಿ ನಡೆಯುವವರು

2025ರ ಸೆಪ್ಟೆಂಬರ್ 7ರಂದು ಹದಿನಾಲ್ಕನೆಯ ಲಿಯೋ ಜಗದ್ಗುರುಗಳು ಸಂತರೆಂದು ಘೋಷಿಸಿದ ಪಿಯೇರ್ ಜಾರ್ಜಿಯೊ ಫ್ರಸ್ಸಾತಿ ಬೆಟ್ಟ ಹತ್ತುವುದರಲ್ಲಿ ಆಸಕ್ತರಾಗಿದ್ದ ಯುವಕ. ಅವರು ಗೆಳೆಯರನ್ನು ಗುಂಪು ಕಟ್ಟಿಕೊಂಡು ಬೆಟ್ಟಕ್ಕೆ ಹೋಗುತ್ತಿದ್ದರು. ಎಮ್ಮಾವಿನ ದಾರಿಯಲ್ಲೂ ಇಬ್ಬರಿದ್ದರು. ಒಬ್ಬನ ಹೆಸರು ಕ್ಲೆಯೋಪ. ಇನ್ನೊಬ್ಬರ ಹೆಸರನ್ನು ಲೂಕರು ಹೇಳಿಲ್ಲ. ಅದು ಅವನ ಹೆಂಡತಿಯೇ ಇರಬಹುದೆಂದು ಕೆಲವು ವ್ಯಾಖ್ಯಾನಕಾರರು ಊಹಿಸಿದ್ದಾರೆ.

ನಮ್ಮ ದಂಪತಿಯ ವಿಷಯಕ್ಕೆ ಬರುತ್ತೇನೆ. ಮೊದಲ ಸಂಜೆ ಮೂವರೂ ಮಾತಿಲ್ಲದೆ ಇಪ್ಪತ್ತು ನಿಮಿಷ ನಡೆದೆವು. ಮಾರನೆಯ ಸಂಜೆಯೂ ಬಂದರು. ಗಂಡ ವೈದ್ಯರ ಔಷಧಿ ತೆಗೆದುಕೊಂಡರು, ಕುಡಿತ ಬಿಟ್ಟವರ ಸಭೆಗೂ ಹೋಗತೊಡಗಿದರು. ಎರಡನೆಯ ತಿಂಗಳಲ್ಲಿ ನಾನು ಜೊತೆಗಿಲ್ಲದೆಯೇ ಅವರಿಬ್ಬರೂ ನಡೆಯುತ್ತಿದ್ದರು. “ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಇಷ್ಟು ಹೊತ್ತು ನಾವು ಮಾತಾಡಿದ್ದೇ ಇಲ್ಲ ಫಾದರ್” ಎಂದು ಆಕೆ ಒಮ್ಮೆ ಹೇಳಿದರು.

ಆರನೆಯ ವಾರದಲ್ಲಿ ಅವರು ಬಿದ್ದರು. ಸಂಬಳದ ದಿನ. ಮಾರನೆಯ ಸಂಜೆ ಹೆಂಡತಿ ಒಬ್ಬರೇ ದೇವಾಲಯದ ಬಾಗಿಲಿಗೆ ಬಂದು, ನನ್ನ ಜೊತೆ ನಲವತ್ತು ನಿಮಿಷ ಒಂದು ಮಾತೂ ಆಡದೆ ನಡೆದು ಮನೆಗೆ ಹೋದರು. ಮೂರನೆಯ ದಿನ ಗಂಡ ಗೇಟಿನ ಹೊರಗೆ ತಲೆ ತಗ್ಗಿಸಿ ನಿಂತಿದ್ದರು. “ಎಲ್ಲ ಮೊದಲಿಂದ ಶುರು ಮಾಡಬೇಕಾ ಫಾದರ್?” ಎಂದರು.

“ಇಲ್ಲ. ಒಂದು ವಾರ ಹಿಂದಕ್ಕೆ ಹೋಗೋಣ. ಶನಿವಾರ ಆರು ಕಿಲೋಮೀಟರ್” ಎಂದೆ.

ನಮ್ಮ ಮನೆಗಳಲ್ಲಿ ಬಿದ್ದವರಿಗೆ ನಾವು ಎರಡೇ ದಾರಿ ತೋರಿಸುತ್ತೇವೆ. ನಿನ್ನಿಂದ ಆಗದು ಎನ್ನುತ್ತೇವೆ. ಇಲ್ಲವೇ ಎರಡರಷ್ಟು ಮಾಡಿ ತೋರಿಸು ಎನ್ನುತ್ತೇವೆ. ಪಾಪಸಂಕೀರ್ತನೆಯ ಸಂಸ್ಕಾರದಲ್ಲಿ ಪ್ರಭು ಮೂರನೆಯ ದಾರಿಯನ್ನು ಇಟ್ಟಿದ್ದಾರೆ: ತಪ್ಪನ್ನು ತಪ್ಪೆಂದು ಒಪ್ಪಿಕೊಂಡು, ಕ್ಷಮೆ ಪಡೆದು, ನಿಂತ ಕಡೆಯಿಂದ ಹೊರಡುವುದು. ಎಮ್ಮಾವಿನ ದಾರಿಯಲ್ಲಿ ಆ ಇಬ್ಬರು ಜೆರುಸಲೇಮಿಗೆ ಬೆನ್ನುಹಾಕಿ ನಡೆಯುತ್ತಿದ್ದಾಗಲೇ ಪ್ರಭು ಅವರ ಜೊತೆ ಹೆಜ್ಜೆ ಹಾಕಿದರು. ಅವರು ತಿರುಗಲಿ ಎಂದು ಊರಬಾಗಿಲಲ್ಲಿ ಕಾಯಲಿಲ್ಲ.

ಕುಟುಂಬವಾಗಿ ನಡೆಯುವವರಿಗೆ ಒಂದೇ ನಿಯಮ: ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ವೇಗವೇ ಎಲ್ಲರ ವೇಗ. ಮೊಬೈಲ್ ಜೇಬಿನಲ್ಲಿರಲಿ.

ಆ ದಿನ

ಹೆಸರು ಕೊಡುವ ಮುನ್ನ ಎಷ್ಟು ಗಂಟೆಯೊಳಗೆ ಮುಗಿಸಬೇಕೆಂಬ ನಿಯಮವನ್ನು ಕೇಳಿ ತಿಳಿಯಿರಿ. ಕೆಲವು ಕಡೆ ಮೂರು ಮೂರೂವರೆ ಗಂಟೆಗೇ ದಾರಿ ತೆರವು ಮಾಡುತ್ತಾರೆ. ಅದು ನಿಮ್ಮ ವೇಗಕ್ಕೆ ಸಾಲದಿದ್ದರೆ, ನಮ್ಮಂತೆ ಒಂದು ದೇವಾಲಯದಿಂದ ಇನ್ನೊಂದು ದೇವಾಲಯಕ್ಕೆ ನೀವೇ ದಾರಿ ಗೊತ್ತು ಮಾಡಿಕೊಳ್ಳಿ. ನಸುಕಿನಲ್ಲೇ ಹೊರಡಿ. ಹೊಸ ಬಟ್ಟೆ, ಹೊಸ ಆಹಾರ ಯಾವುದೂ ಬೇಡ. ಮೊದಲ ಐದು ಕಿಲೋಮೀಟರನ್ನು ನಿಮಗೇ ನಿಧಾನವೆನಿಸುವಂತೆ ನಡೆಯಿರಿ. ಹದಿನೈದರ ನಂತರ ಮನಸ್ಸು ಸಾಕೆನ್ನುತ್ತದೆ. ಆಗ ಮುಂದಿನ ಒಂದು ಜಪಮಾಲೆಯಷ್ಟು ದೂರವನ್ನು ಮಾತ್ರ ಯೋಚಿಸಿ.

ಆ ದಂಪತಿಗೆ ಹದಿನಾರು ವಾರದ ಕ್ರಮ ಮುಗಿಯಲು ಇಪ್ಪತ್ತು ವಾರ ಹಿಡಿಯಿತು. ಒಂದು ಶನಿವಾರ ಬೆಳಿಗ್ಗೆ ನಾಲ್ಕೂವರೆಗೆ ನಾವು ಹೊರಟೆವು. ಹದಿನಾಲ್ಕನೆಯ ಕಿಲೋಮೀಟರಿನಲ್ಲಿ ಆ ಮೋರಿಕಟ್ಟೆ ಬಂದಾಗ ನಾನು ಅವರಿಗೆ ತೋರಿಸಿದೆ. ಮೂವರೂ ಅದರ ಮೇಲೆ ಕುಳಿತು ಒಂದೊಂದು ಬಾಳೆಹಣ್ಣು ತಿಂದು ಎದ್ದೆವು. 4 ಗಂಟೆ 40 ನಿಮಿಷಕ್ಕೆ ದೇವಾಲಯ ತಲುಪಿದೆವು. ಅಲ್ಲಿ ನಾನು ಬಲಿಪೂಜೆ ಅರ್ಪಿಸಿದೆ. ರೊಟ್ಟಿ ಮುರಿಯುವಾಗ ಮುಂದಿನ ಬೆಂಚಿನಲ್ಲಿ ಆತ ಕಣ್ಣೊರೆಸಿಕೊಳ್ಳುತ್ತಿದ್ದರು. ಆಕೆ ಶೂ ಬಿಚ್ಚಿ ಕಾಲು ನೀವಿಕೊಳ್ಳುತ್ತಿದ್ದರು.

ಆತ ಕುಡಿಯದೆ ಇಂದಿಗೆ ಹನ್ನೊಂದು ತಿಂಗಳು. ನಾಳೆಯ ಬಗ್ಗೆ ಅವರು ಮಾತು ಕೊಡುವುದಿಲ್ಲ, ನಾನೂ ಕೇಳುವುದಿಲ್ಲ. ಸಂಜೆ ಆರೂವರೆಗೆ ಬಾಗಿಲ ಬಳಿ ಸಿಗುತ್ತಾರೆ.

ಮನೆಯಲ್ಲಿ ಒಟ್ಟಿಗೆ ಚಿಂತಿಸಲು

1. ಲೂಕ 24:13-35ನ್ನು ಒಬ್ಬರು ಓದಲಿ, ಉಳಿದವರು ಕೇಳಲಿ. ಆ ಇಬ್ಬರು ಹೋಗುವಾಗ ಏನು ಮಾತನಾಡುತ್ತಿದ್ದರು? ಹಿಂದಿರುಗುವಾಗ ಏನು ಮಾತನಾಡಿರಬಹುದು?

2. ನಮ್ಮ ಮನೆಯಲ್ಲಿ ಯಾರಿಂದ ನಾವು ದೊಡ್ಡ ಪ್ರಮಾಣವನ್ನು ಕೇಳುತ್ತಿದ್ದೇವೆ? ಅದರ ಬದಲು ಇಂದು ಅವರ ಜೊತೆ ಮಾಡಬಹುದಾದ ಸಣ್ಣ ಕೆಲಸ ಯಾವುದು?

3. ಈ ವಾರ ಯಾವ ಮೂರು ದಿನ, ಎಷ್ಟು ಗಂಟೆಗೆ, ಯಾರ ಜೊತೆ ನಡೆಯುತ್ತೇವೆ? ಪೀಠದ ಪಕ್ಕದಲ್ಲಿರುವ ಕ್ಯಾಲೆಂಡರಿನಲ್ಲಿ ಬರೆದಿಡಿ.

ಪ್ರಾರ್ಥನೆ: ಪ್ರಭುವೇ, ನೀವು ನಜರೇತಿನಿಂದ ಜೆರುಸಲೇಮಿನವರೆಗೂ ನಡೆದವರು. ದಣಿವು ನಿಮಗೆ ಗೊತ್ತು. ದೂರವನ್ನು ನೋಡಿ ಹೆದರುವ ನಮಗೆ ಇಂದಿನ ಹೆಜ್ಜೆಯನ್ನು ತೋರಿಸಿರಿ. ಬಿದ್ದವರನ್ನು ಹಂಗಿಸದೆ ಅವರಿಗಾಗಿ ನಿಲ್ಲುವ ಮನಸ್ಸು ಕೊಡಿರಿ. ಸಂಜೆಯಾದಾಗ ನಮ್ಮ ಮನೆಯಲ್ಲಿ ತಂಗಿರಿ. ಆಮೆನ್.